ಐನ್‌ಹೈಟ್ಸ್‌ಡೀಸೆಲ್: ಒಂದು ಸೇನಾ ಲಾರಿಯ ಗುಣದೋಷ ವಿಚಾರ

ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಜರ್ಮನ್ ಸೇನೆಯು ತನ್ನ ಅಗತ್ಯಕ್ಕೆಂದೇ ರೂಪಿಸಿ, ಮಾನ್, ಹೆನ್‌ಶೆಲ್ ಮೊದಲಾದ ಹಲವು ಕಾರ್ಖಾನೆಗಳಲ್ಲಿ ಒಂದೇ ನಕ್ಷೆಯಂತೆ ಕಟ್ಟಿಸಿದ ಐನ್‌ಹೈಟ್ಸ್‌ಡೀಸೆಲ್ ಲಾರಿಯು, ಕೇವಲ ಯಂತ್ರಶಿಲ್ಪವೆಂದು ನೋಡಿದರೆ, ಪ್ರಶಂಸಾರ್ಹವಾದ ಕೃತಿಯೇ ಸರಿ. ಆರು ಸಿಲಿಂಡರುಗಳ, ಸುಮಾರು 80 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿನ ಬಲವು ಅದರ ಆರು ಚಕ್ರಗಳಿಗೂ ಹರಿಯುತ್ತಿತ್ತು. ಒಂದೊಂದು ಚಕ್ರವೂ ಪ್ರತ್ಯೇಕವಾಗಿ ಏರಿಳಿಯುವಂತೆ ಜೋಡಣೆಗೊಂಡಿದ್ದುದರಿಂದ, ಎಡಗಾಲಿ ಹಳ್ಳಕ್ಕಿಳಿದು ಬಲಗಾಲಿ ದಿಣ್ಣೆಯೇರಿದರೂ ಉಳಿದ ಚಕ್ರಗಳು ನೆಲದ ಹಿಡಿತವನ್ನು ಬಿಡುತ್ತಿರಲಿಲ್ಲ.

ಆದರೆ ಈ ಸಾಮರ್ಥ್ಯಕ್ಕೆ ತೆತ್ತ ಬೆಲೆ ಅಲ್ಪವಲ್ಲ. ತನ್ನ ತೂಕವೇ ಸುಮಾರು 5 ಟನ್ ಇದ್ದ ಈ ವಾಹನವು ಹೊರುತ್ತಿದ್ದುದು 2.5 ಟನ್ ಮಾತ್ರ. ಭಾಗಗಳು ಹೆಚ್ಚಿದಷ್ಟೂ ಸವೆಯುವ ಸಂದುಗಳು ಹೆಚ್ಚಿದವು, ಕಟ್ಟುವುದಕ್ಕೂ ದುರಸ್ತಿಗೂ ನುರಿತ ಕೈಗಳ ಅಗತ್ಯವು ಹೆಚ್ಚಿತು. 1937ರಲ್ಲಿ ಮೊದಲಾದ ಈ ಲಾರಿಯ ತಯಾರಿಕೆಯು 1940ರಲ್ಲಿ ನಿಂತುಹೋಯಿತು. ವಾಹನಗಳ ಬಗೆಗಳನ್ನು ತಗ್ಗಿಸಲು ಅಧಿಕಾರಿ ಆಡಾಲ್ಫ್ ಫಾನ್ ಶೆಲ್ ಹಾಕಿದ ಯೋಜನೆಯಲ್ಲಿ ಇದಕ್ಕೆ ಸ್ಥಾನ ದೊರೆಯಲಿಲ್ಲ. ಲೋಕಕ್ಕೆ ಘೋರವಿನಾಶವನ್ನು ತಂದ ಆ ಸೇನೆಯ ಹೊರೆಯನ್ನು ಕಡೆಗೆ ಹೊತ್ತದ್ದು, ಗಟ್ಟಿ ಆಕ್ಸಲ್ಲಿನ, ಸ್ಪ್ರಿಂಗ್ ಪ್ಲೇಟುಗಳ, ಪೆಟ್ರೋಲ್ ಎಂಜಿನ್ನಿನ ಸಾದಾ ಓಪೆಲ್ ಬ್ಲಿಟ್ಸ್.

ಒಂದೊಂದು ಚಕ್ರವೂ ಪ್ರತ್ಯೇಕವಾಗಿ ಏರಿಳಿಯುವ ವಿನ್ಯಾಸ, ಗಟ್ಟಿ ಆಕ್ಸಲ್ಲಿನ ಸರಳ ವಿನ್ಯಾಸ, ಈ ಎರಡು ಪರಂಪರೆಗಳೂ ನಮ್ಮ ಕೋಲಾರ ಸೀಮೆಯವರಿಗೆ ಅಪರಿಚಿತವಲ್ಲ. ಕೆ.ಜಿ.ಎಫ್.ನಲ್ಲಿ ದೊಡ್ಡ ಕಾರ್ಖಾನೆಯನ್ನುಳ್ಳ, 1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯು 1986ರಲ್ಲಿ ಝೆಕೊಸ್ಲೊವಾಕಿಯದೊಡನೆ ಒಪ್ಪಂದ ಮಾಡಿಕೊಂಡು ನಮ್ಮ ಸೇನೆಗೆ ತಂದ ಟಾಟ್ರಾ ಲಾರಿಯು ಮೊದಲನೆಯ ಪರಂಪರೆಗೆ ಸೇರಿದ್ದು. ಹಾನ್ಸ್ ಲೆಡ್ವಿಂಕಾ ಎಂಬ ಯಂತ್ರಜ್ಞನು 1923ರ ಟಾಟ್ರಾ ಕಾರಿನಲ್ಲಿ ಅಳವಡಿಸಿದ, ನಡುವೆ ಒಂದೇ ಉಕ್ಕಿನ ಕೊಳವೆ ಬೆನ್ನೆಲುಬಿನಂತೆ ಹಾದು, ಅದರ ಎರಡು ಪಕ್ಕಗಳಲ್ಲಿ ಅರ್ಧ ಆಕ್ಸಲುಗಳು ತೂಗಾಡುವ ವಿಧಾನವೇ ಅದರ ಮೂಲ. ಪಿನಾಕ ರಾಕೆಟ್ಟುಗಳ ಭಾರವನ್ನು ದಾರಿಯಿಲ್ಲದ ನೆಲದ ಮೇಲೆ ಒಯ್ಯುವ ಕಾರ್ಯಕ್ಕೆ ಅದು ಸಾರ್ಥಕವಾಗಿ ಸಲ್ಲುತ್ತದೆ; ಅದರ ಹಿಂದೆ ಬಿಡಿಭಾಗಗಳ ಉಗ್ರಾಣವೂ ಸೇನೆಯ ಕಾರ್ಯಾಗಾರವೂ ಇವೆ.

ಆದರೆ ಮಾಲೂರಿನ ಹೆಂಚು, ಶ್ರೀನಿವಾಸಪುರದ ಮಾವು, ಕೋಲಾರ ಎ.ಪಿ.ಎಂ.ಸಿ.ಯ ಟೊಮೆಟೊ, ಇವನ್ನು ಹೊತ್ತು ಮುಳಬಾಗಿಲಿನ ಹೆದ್ದಾರಿಯಲ್ಲಿ ಸಾಗುವ ಲಾರಿಗಳು ಎರಡನೆಯ ಪರಂಪರೆಯವು. 1954ರಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಮರ್ಸಿಡಿಸ್ ಬೆಂಜ್ ಸಹಯೋಗದಿಂದ ನಮ್ಮ ದೇಶದಲ್ಲಿ ಲಾರಿ ಕಟ್ಟತೊಡಗಿದಾಗ ಬಂದುದೂ ಈ ಸರಳ ವಿನ್ಯಾಸವೇ. ಸ್ಪ್ರಿಂಗ್ ಪ್ಲೇಟು ತುಂಡಾದರೆ, ರಸ್ತೆಬದಿಯ ಗ್ಯಾರೇಜಿನ ಮೇಸ್ತ್ರಿಯು ಜಾಕಿಯಿಂದ ಗಾಡಿಯನ್ನೆತ್ತಿ, ಯು ಬೋಲ್ಟು ಬಿಚ್ಚಿ, ಮುರಿದ ಪ್ಲೇಟನ್ನು ತೆಗೆದು ಬೇರೆಯದನ್ನು ಕೂರಿಸಿ ಬಿಗಿಯುತ್ತಾನೆ. ಹಣ್ಣು ಕೊಳೆಯುವ ಮುನ್ನ ಲಾರಿ ಮತ್ತೆ ರಸ್ತೆಗಿಳಿಯುತ್ತದೆ.

ಆದ್ದರಿಂದ ಐನ್‌ಹೈಟ್ಸ್‌ಡೀಸೆಲ್‌ನ ದೋಷವು ಅದರ ಶಿಲ್ಪದಲ್ಲಿಲ್ಲ. ಕೆಲವೇ ವಿಶೇಷ ಕಾರ್ಯಗಳಿಗೆ ತಕ್ಕುದಾದ ಯಂತ್ರವನ್ನು ಇಡೀ ಸೇನೆಯ ಸಾಮಾನ್ಯ ವಾಹನವನ್ನಾಗಿಸಹೊರಟ ಆಲೋಚನೆಯಲ್ಲಿದೆ. ಯಂತ್ರವನ್ನು ರೂಪಿಸುವವರು ಅದು ಓಡುವ ನೆಲವನ್ನು ಅಳೆಯುವಂತೆಯೇ, ಅದನ್ನು ರಿಪೇರಿ ಮಾಡುವವನ ಕೈಯಳತೆಯನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.