ಸಂಡೂರಿನ ಕೆಂಪು ಪುಡಿ, ಕಡಲಿನ ಕರಿ ಎಣ್ಣೆ

ಹಂಪಿ, ಕಂಪ್ಲಿಯ ಹೊಳೆಯಲ್ಲಿ ಹರಿಗೋಲು, ದೋಣಿಗಿಂತ ದೊಡ್ಡದೇನೂ ತೇಲುವುದಿಲ್ಲ. ಕಡಲು ಇಲ್ಲಿಂದ ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್ ದೂರ. ಹಡಗಿನ ಎಣ್ಣೆ ಸೋರಿದಾಗ ಯಾರು ಏನು ಮಾಡಬೇಕು ಎಂದು ಹೇಳುವ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯನ್ನು ಹೊಸಪೇಟೆಯಲ್ಲಿ ಕುಳಿತು ಓದುವುದು ಹಲವರಿಗೆ ತಮಾಷೆಯಾಗಿ ಕಾಣಬಹುದು. ಆದರೆ ಗಣಿಯ ಸುಗ್ಗಿ ನಡೆದ ವರ್ಷಗಳಲ್ಲಿ ಕಬ್ಬಿಣದ ಅದಿರು ಹೊತ್ತ ಇಲ್ಲಿನ ಲಾರಿಗಳು ಅರಬೈಲು ಘಾಟಿ ಇಳಿದದ್ದು ಬೇಲೆಕೇರಿ, ಕಾರವಾರದ ಹಡಗುಗಳಿಗೆ ಸರಕು ತುಂಬಲೆಂದೇ. ಈ ಯೋಜನೆ ಮರೆತಿರುವ ಒಂದು ಕೊಂಡಿ ನಮ್ಮೂರಲ್ಲೇ ಇದೆ.

ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ, ಜಾರಿಗೆ ಬಂದದ್ದು 1996ರಲ್ಲಿ. ಕರಾವಳಿ ಕಾವಲು ಪಡೆ ಅದರ ಯಜಮಾನ. ಸೋರಿಕೆ 700 ಟನ್ನಿನೊಳಗಿದ್ದರೆ ಮೊದಲ ಹಂತ: ಆಯಾ ಬಂದರು, ತೈಲ ಕಂಪನಿಗಳೇ ತಮ್ಮ ಬೂಮ್ (ಎಣ್ಣೆ ಹರಡದಂತೆ ತಡೆಯುವ ತೇಲುಬೇಲಿ), ಸ್ಕಿಮ್ಮರ್ (ನೀರಿನ ಮೇಲಿನ ಎಣ್ಣೆ ಬಾಚುವ ಯಂತ್ರ) ಇಳಿಸಿ ನಿಭಾಯಿಸಬೇಕು. ಅದನ್ನು ಮೀರಿದರೆ ಕಾವಲು ಪಡೆಯ ಹೊಣೆ. ದಡಕ್ಕೆ ಬಂದ ಎಣ್ಣೆ ಬಳಿಯುವುದು ರಾಜ್ಯ ಸರ್ಕಾರದ ಪಾಲು. ಕಡಲಿನ ನಡುವಿನ ಕೆಲಸದ ಮಟ್ಟಿಗೆ ಯೋಜನೆಯನ್ನು ಮೆಚ್ಚಲೇಬೇಕು. ಸಮುದ್ರ ಪ್ರಹರಿಯಂಥ ಮಾಲಿನ್ಯ ನಿಯಂತ್ರಣ ಹಡಗುಗಳಿವೆ, ಕಾಲಕಾಲಕ್ಕೆ ಅಣಕು ಕಾರ್ಯಾಚರಣೆ ನಡೆಯುತ್ತದೆ.

ತೊಡಕಿರುವುದು ಆ 700ರ ಗೆರೆಯಲ್ಲಿ. 2006ರ ಮೇ 30ರಂದು ಓಶನ್ ಸೆರಾಯ ಎಂಬ ಪನಾಮಾ ಧ್ವಜದ ಹಡಗು ಕಾರವಾರದ ಹತ್ತಿರ ಆಯ್ಸ್ಟರ್ ರಾಕ್ ಬಂಡೆಗೆ ಬಡಿಯಿತು. ಅದರ ಹೊಟ್ಟೆಯಲ್ಲಿದ್ದ ಉರುವಲು ಎಣ್ಣೆ ಸುಮಾರು 650 ಟನ್. ಮಳೆಗಾಲದ ಅಲೆ ಹಡಗನ್ನು ಮುರಿಯಿತು, ಎಣ್ಣೆ ಗೋವಾದ ದಡಕ್ಕೂ ಹೋಯಿತು. ಅಷ್ಟೂ ಎಣ್ಣೆ ಸೋರಿದರೂ ಈ ಲೆಕ್ಕದಲ್ಲಿ ಅದು ಮೊದಲ ಹಂತದ 'ಸ್ಥಳೀಯ' ಘಟನೆ! ಎರಡು ರಾಜ್ಯಗಳ ದಡಕ್ಕೆ ಮೆತ್ತಿಕೊಂಡದ್ದು ಸ್ಥಳೀಯ ಹೇಗಾಗುತ್ತದೆ? 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಉಕ್ಕಿನ ಕಾಯಿಲ್ ಹೊತ್ತು ಮುಳುಗಿದ ಪ್ರಿನ್ಸೆಸ್ ಮಿರಾಲ್‌ನಲ್ಲಿದ್ದ ಎಣ್ಣೆ ಇನ್ನೂ ಕಡಿಮೆ. ಅದನ್ನು ಹೊರತೆಗೆಯಬೇಕಾದರೆ ಮಳೆಗಾಲ ಮುಗಿಯುವ ತನಕ ಕಾಯಬೇಕಾಯಿತು. ಎದ್ದ ಕಡಲಲ್ಲಿ ಬೂಮ್ ನಿಲ್ಲುವುದಿಲ್ಲ, ಎಣ್ಣೆ ಅದರ ಮೇಲೂ ಕೆಳಗೂ ನುಸುಳುತ್ತದೆ. ಟನ್ನಿನ ಜೊತೆಗೆ ತಿಂಗಳನ್ನೂ ಕಡಲಿನ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯದ ಹಂತವಿಂಗಡಣೆ ನಮ್ಮ ಪಶ್ಚಿಮ ಕರಾವಳಿಗೆ ಹೊಂದುವುದೇ ಇಲ್ಲ.

ದಡದ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2017ರ ಜನವರಿಯಲ್ಲಿ ಚೆನ್ನೈ ಬಳಿ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾದಾಗ ಜನ ಬಕೆಟ್ಟಿನಲ್ಲಿ ಎಣ್ಣೆ ತೋಡಿದ್ದನ್ನು ದೇಶವೇ ನೋಡಿತು.

ಇನ್ನು ಉದ್ಯಮದ ಪಾತ್ರ. ಯೋಜನೆಯ ಕಣ್ಣಿಗೆ ಉದ್ಯಮವೆಂದರೆ ಬಂದರು ಮತ್ತು ತೈಲ ಕಂಪನಿ. ಸರಕು ಕಳುಹಿಸುವವನು ಅಲ್ಲಿ ಕಾಣುವುದೇ ಇಲ್ಲ. 2009ರ ಜುಲೈನಲ್ಲಿ ಏಷಿಯನ್ ಫಾರೆಸ್ಟ್ ಎಂಬ ಹಡಗು 13,600 ಟನ್ ಅದಿರಿನ ಪುಡಿ ತುಂಬಿಕೊಂಡು ನವಮಂಗಳೂರಿನಿಂದ ಚೀನಾಕ್ಕೆ ಹೊರಟು, ಬಂದರಿನ ಹತ್ತಿರದಲ್ಲೇ ವಾಲಿ ಮುಳುಗಿತು. ಅದು ಬಂಡೆಗೆ ಬಡಿದಿರಲಿಲ್ಲ, ಬೇರೆ ಹಡಗಿಗೆ ಡಿಕ್ಕಿಯಾಗಿರಲಿಲ್ಲ. ಒದ್ದೆ ಪುಡಿ ಹಡಗಿನ ಓಲಾಟಕ್ಕೆ ಅಂಬಲಿಯಂತಾಗಿ ಒಂದೇ ಪಕ್ಕಕ್ಕೆ ಹರಿದರೆ ಹಡಗು ಮತ್ತೆ ನೆಟ್ಟಗಾಗುವುದಿಲ್ಲ. ಮಂಗಳೂರಿಗೆ ಅದಿರು ಕಳುಹಿಸುತ್ತಿದ್ದ ಕುದುರೆಮುಖದ ಗಣಿ 2005ರ ಕೊನೆಗೇ ನಿಂತಿತ್ತು. ಆಮೇಲೆ ಮಂಗಳೂರಿನ ಧಕ್ಕೆಗೆ ಬಂದ ಅದಿರೆಂದರೆ ಮುಖ್ಯವಾಗಿ ನಮ್ಮ ಬಳ್ಳಾರಿ, ಹೊಸಪೇಟೆ ಸೀಮೆಯದು.

ಪುಡಿ ಹೀಗೆ ಅಪಾಯವಾಗುವಷ್ಟು ಒದ್ದೆಯಾಗಿದೆಯೇ ಎಂದು ಪತ್ತೆಹಚ್ಚಲು ದೊಡ್ಡ ಯಂತ್ರವೇ ಬೇಕೆಂದಿಲ್ಲ. ಅಂತರರಾಷ್ಟ್ರೀಯ ಸರಕು ಸಂಹಿತೆಯಲ್ಲೇ ಒಂದು ಡಬ್ಬಿ ಪರೀಕ್ಷೆಯಿದೆ: ಅರ್ಧ ಲೀಟರಿನಿಂದ ಒಂದು ಲೀಟರಿನ ಡಬ್ಬಿಗೆ ಅರ್ಧದಷ್ಟು ಪುಡಿ ಹಾಕಿ, ಗೇಣೆತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಜಿನುಗಿದರೆ ಅಥವಾ ಪುಡಿ ಕೆಸರಾದರೆ, ಪ್ರಯೋಗಾಲಯದ ಪರೀಕ್ಷೆಯಾಗದೆ ಲೋಡ್ ಮಾಡಕೂಡದು. ಡಬ್ಬಿಯಲ್ಲಿ ನೀರು ಕಾಣದಿದ್ದರೂ ಸರಕು ಸುರಕ್ಷಿತವೆಂದೇನಲ್ಲ. ತೇವಾಂಶದ ಪ್ರಮಾಣಪತ್ರ ಬೇಕೇ ಬೇಕು. ಅದನ್ನು ಕೊಡಬೇಕಾದವನು ಸರಕು ಕಳುಹಿಸುವವನು. ಮಳೆಗೆ ಬಯಲಲ್ಲಿ ನೆನೆದ ರಾಶಿಗೆ ಬೇಸಿಗೆಯ ಅಂಕಿ ಬರೆದರೆ ಕಾವಲು ಪಡೆಯ ಯಾವ ಹಡಗೂ ಅದನ್ನು ತಿದ್ದಲಾರದು. ಸಂಹಿತೆಯಲ್ಲಿ ಅದಿರಿನ ಪುಡಿಗೆಂದೇ ಕಡ್ಡಾಯ ನಿಯಮ ಬಂದದ್ದು 2017ರಲ್ಲಿ, ಹಡಗುಗಳು ಮುಳುಗಿದ ಎಷ್ಟೋ ವರ್ಷದ ಮೇಲೆ.

2025ರ ಮೇ ತಿಂಗಳಲ್ಲಿ ಕೊಚ್ಚಿ ಬಳಿ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ 640 ಕಂಟೇನರುಗಳೂ ಇದೇ ಮಾತು ಹೇಳುತ್ತವೆ: ಕ್ಯಾಲ್ಸಿಯಂ ಕಾರ್ಬೈಡ್, ಪ್ಲಾಸ್ಟಿಕ್ ಕಾಳು ಎಲ್ಲ ಯಾವುದೋ ಕಾರ್ಖಾನೆಯಿಂದ ಬಂದ ಸರಕು. ಎಣ್ಣೆಯೊಂದನ್ನೇ ನೋಡುವ ಯೋಜನೆಗೆ ಅರ್ಧ ಅಪಾಯ ಮಾತ್ರ ಕಾಣುತ್ತದೆ.

ನಡುವೆ ನಿಂತಿದ್ದ ಕರ್ನಾಟಕದ ಅದಿರಿನ ರಫ್ತಿಗೆ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮತ್ತೆ ಅನುಮತಿ ಕೊಟ್ಟಿದೆ. ಹಾಗಾಗಿ ಸಂಡೂರು, ಹೊಸಪೇಟೆಯ ರೈಲು ಸೈಡಿಂಗಿನಲ್ಲೇ ತೇವಾಂಶ ಅಳೆಯುವ ವ್ಯವಸ್ಥೆ ಕಡ್ಡಾಯವಾಗಲಿ, ಆ ಅಂಕಿ ಬಂದರಿಗೂ ಕಾವಲು ಪಡೆಗೂ ಒಟ್ಟಿಗೆ ಹೋಗಲಿ. ಗಣಿ ಮಾಲೀಕರ ಸಂಘಗಳು ಇದನ್ನು ತಾವಾಗಿಯೇ ಶುರುಮಾಡಬಹುದು. ದೆಹಲಿಯ ಆದೇಶಕ್ಕೆ ಕಾಯಬೇಕಾಗಿಲ್ಲ.