ಎರಡು ಹೆಸರಿನ ಹಡಗು

ಯುದ್ಧನೌಕೆಗಳ ಚರಿತ್ರೆಯನ್ನು ಓದುವ ಹುಚ್ಚು ಹತ್ತಿದವರಿಗೆ, ಕಾಲಕ್ರಮೇಣ, ಮಹಾನೌಕೆಗಳ ವೈಭವಕ್ಕಿಂತ, ಬೆಂಗಾವಲಿನ ಚಾಕರಿಯಲ್ಲೇ ಆಯುಷ್ಯ ಸವೆಸುವ ಕೃಶಕಾಯದ ಡೆಸ್ಟ್ರಾಯರುಗಳ ಮೇಲೆಯೇ ಮಮತೆ ಹುಟ್ಟುತ್ತದೆ. ನನ್ನ ಮಮತೆಯಂತೂ ನಮ್ಮ ನೌಕಾಪಡೆಯ ಮೊದಲನೆಯ ‘ರಜಪೂತ್’ಗೆ ಮೀಸಲು.

1942ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ನದೀತೀರದ ಜಾನ್ ಬ್ರೌನ್ ಕಾರ್ಖಾನೆಯಿಂದ ‘ರಾದರ್‌ಹ್ಯಾಮ್’ ಎಂಬ ನಾಮಧೇಯದಿಂದ ನೀರಿಗಿಳಿದ ಈ ಹಡಗು, 4.7 ಅಂಗುಲದ 4 ತೋಪುಗಳನ್ನೂ 8 ಟಾರ್ಪೆಡೋ ನಳಿಕೆಗಳನ್ನೂ ಹೊತ್ತು ಹಿಂದೂ ಮಹಾಸಾಗರಕ್ಕೆ ಬಂತು. 1945ರಲ್ಲಿ ಸಿಂಗಪುರದ ನೌಕಾನೆಲೆಯನ್ನು ಜಪಾನೀಯರಿಂದ ಒಪ್ಪಿಸಿಕೊಂಡವನು ಇದರ ಕಪ್ತಾನನೇ. 1949ರಲ್ಲಿ ‘ರೆಡೌಟ್’, ‘ರೈಡರ್’ ಎಂಬ ಸೋದರನೌಕೆಗಳೊಡನೆ ಭಾರತಕ್ಕೆ ಸಂದಾಗ ಅವು ‘ರಣಜಿತ್’, ‘ರಾಣಾ’ ಆದುವು, ಇದು ‘ರಜಪೂತ್’ ಆಯಿತು. ಆದ್ಯಕ್ಷರವಾದ ರಕಾರವನ್ನು ಮೂರಕ್ಕೂ ಉಳಿಸಿಕೊಟ್ಟವರ ರಸಿಕತೆಗೆ ನಾನು ತಲೆದೂಗುತ್ತೇನೆ.

1971ರ ಡಿಸೆಂಬರಿನ ಭಾರತ-ಪಾಕಿಸ್ತಾನ ಯುದ್ಧದ ಹೊತ್ತಿಗೆ ಮುಪ್ಪಡರಿ ನಿವೃತ್ತಿಯ ಅಂಚಿನಲ್ಲಿದ್ದ ಇದಕ್ಕೆ, ಅಂಡಮಾನಿನ ಕಡೆ ಮರೆಯಾಗಿದ್ದ ವಿಮಾನವಾಹಕ ‘ವಿಕ್ರಾಂತ್’ನ ವೇಷ ಕಟ್ಟುವ ಕೆಲಸ ಬಿತ್ತು, ರೇಡಿಯೋದಲ್ಲಿ ಮಹಾನೌಕೆಯೊಂದರ ಗದ್ದಲವನ್ನೆಲ್ಲ ಒಂಟಿಯಾಗಿಯೇ ಎಬ್ಬಿಸಬೇಕಾಯಿತು. 3ನೆಯ ತಾರೀಖಿನ ರಾತ್ರಿ, ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗರ ನೇತೃತ್ವದಲ್ಲಿ ವಿಶಾಖಪಟ್ಟಣದ ಬಂದರಿನಿಂದ ಹೊರಬಿದ್ದ ಮೇಲೆ, ಮುಂದೆ ನೀರು ಅಸಹಜವಾಗಿ ಕದಡಿದ್ದು ಕಾಣಲು, ಎರಡು ಡೆಪ್ತ್ ಚಾರ್ಜುಗಳನ್ನು ಕೆಳಬಿಟ್ಟರು. ಪೀಪಾಯಿಯನ್ನು ಹೋಲುವ ಈ ಸ್ಫೋಟಕವು, ಮೊದಲೇ ಗೊತ್ತುಮಾಡಿದ ಆಳವನ್ನು ಮುಟ್ಟಿ ಅಲ್ಲಿಯ ನೀರಿನ ಒತ್ತಡಕ್ಕೆ ಸಿಕ್ಕಿದಾಗ ಸಿಡಿಯತಕ್ಕದ್ದು. ಅದು ಇಳಿಯುವಷ್ಟರಲ್ಲಿ, ಬಿಟ್ಟ ಹಡಗು ವೇಗದಿಂದ ದೂರ ಸರಿಯದಿದ್ದರೆ ಪೆಟ್ಟು ತನ್ನ ಬುಡಕ್ಕೇ. ಕೆಲ ನಿಮಿಷಗಳಲ್ಲಿ ತೀರದವರೆಗೂ ಕೇಳಿದ ಮಹಾಸ್ಫೋಟ. ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ತನ್ನೆಲ್ಲ ನಾವಿಕರೊಡನೆ ಮುಳುಗಿತು. ಅದು ರಜಪೂತ್‌ನ ಹೊಡೆತದಿಂದಲೋ, ಘಾಜಿ ತಾನೇ ಹಾಸುತ್ತಿದ್ದ ಮೈನುಗಳಿಂದಲೋ ಎಂಬ ವಾದ ಇಂದಿಗೂ ನಿಂತಿಲ್ಲ. ನನಗೆ ಮಾತ್ರ ಈ ವ್ಯಾಜ್ಯದಿಂದ ಮುದಿಹಡಗಿನ ಕೀರ್ತಿಗೆ ಕುಂದೇನೂ ಕಾಣದು; ವಿಕ್ರಾಂತ್‌ನನ್ನು ಹುಡುಕಿ ಬಂದದ್ದು, ಅದಿಲ್ಲದ ಬಂದರಿನ ಬಾಗಿಲಲ್ಲಿ ಕಾದಿತ್ತಲ್ಲ!

ನಮ್ಮ ನೌಕಾಪಡೆಯದೇ ಆದ ಕ್ಷಿಪಣಿದೋಣಿ ‘ಚಪಲ್’ ಕಾರವಾರದ ತೀರದಲ್ಲಿ ಇಂದಿಗೂ ನೋಡಸಿಗುತ್ತದೆ. ರಜಪೂತ್‌ಗೆ ಆ ಭಾಗ್ಯವಿರಲಿಲ್ಲ. 1976ರಲ್ಲಿ ಗುಜರಿಗೆ ಹೋಯಿತು. 1980ರಲ್ಲಿ ಸೋವಿಯತ್ ನಿರ್ಮಿತ ಡೆಸ್ಟ್ರಾಯರೊಂದು ಅದೇ ಹೆಸರನ್ನು ಧರಿಸಿ, 2021ರ ಮೇ ತಿಂಗಳಲ್ಲಿ ವಿಶಾಖಪಟ್ಟಣದಲ್ಲೇ ಬಾವುಟ ಇಳಿಸಿತು.