ಕಥೆಯ ಋಣ, ಕೇಳುಗನ ಕಣ್ಣು: 'ನಾಗಮಂಡಲ' ಚಲಚ್ಚಿತ್ರವನ್ನು ಕುರಿತು

ಶ್ರೀ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ, 1997ರಲ್ಲಿ ತೆರೆಕಂಡ 'ನಾಗಮಂಡಲ'ವನ್ನು ಅದರ ದೃಶ್ಯವೈಭವಕ್ಕಾಗಿಯೂ ಸಿ. ಅಶ್ವತ್ಥರ ಸಂಗೀತಕ್ಕಾಗಿಯೂ ಸ್ಮರಿಸುವುದು ವಾಡಿಕೆ. ಈ ಪ್ರಶಂಸೆ ಅನುಚಿತವಲ್ಲ, ಆದರೆ ಅಪೂರ್ಣ. ಚಿತ್ರಕ್ಕೆ ಆಧಾರವಾದ ಗಿರೀಶ ಕಾರ್ನಾಡರ ನಾಟಕವು ಮೂಲತಃ ಕಥೆಯನ್ನೇ ಕುರಿತ ಕಥೆ. ಹೇಳುವವರು ಯಾರು, ಕೇಳುವವರು ಯಾರು, ಕೇಳಿ ನಂಬಿದ ಸಮಾಜವು ಮುಂದೆ ಏನು ಮಾಡುತ್ತದೆ ಎಂಬ ಪ್ರಶ್ನೆಗಳು ಅದರಲ್ಲಿ ಅಡಗಿವೆ. ಇತಿಹಾಸದ ವ್ಯಾಸಂಗದಲ್ಲಿ ತೊಡಗಿರುವ ನಮಗೆ ಈ ಪ್ರಶ್ನೆಗಳು ಪರಕೀಯವಲ್ಲ. ಆದಕಾರಣ ಚಿತ್ರವನ್ನು ಆ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಕಾರ್ನಾಡರು ಈ ವಸ್ತುವನ್ನು ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಪಡೆದರು. ನಾಟಕದ ಆರಂಭದಲ್ಲಿ ಪಾಳುಗುಡಿಯೊಂದರಲ್ಲಿ ನಾಟಕಕಾರನೊಬ್ಬನು ಕುಳಿತಿದ್ದಾನೆ. ತನ್ನ ನಾಟಕಗಳಿಂದ ಪ್ರೇಕ್ಷಕರಿಗೆ ನಿದ್ದೆ ಬರಿಸಿದ ಪಾಪಕ್ಕೆ ಆತನು ಒಂದು ಇಡೀ ರಾತ್ರಿ ಎಚ್ಚರವಿರಬೇಕು, ಇಲ್ಲವಾದರೆ ಮರಣ. ಊರಿನ ಮನೆಗಳಲ್ಲಿ ನಂದಿಸಿದ ದೀಪಗಳ ಜ್ಯೋತಿಗಳು ಹೆಣ್ಣುಗಳಾಗಿ ಬಂದು ಅಲ್ಲಿ ಹರಟುತ್ತವೆ. ಒಬ್ಬಾಕೆಯು ಯಾರಿಗೂ ಹೇಳದೆ ಅಡಗಿಸಿಟ್ಟ ಕಥೆಯೊಂದು ಆಕೆ ಮಲಗಿದಾಗ ಬಾಯಿಂದ ತಪ್ಪಿಸಿಕೊಂಡು ತಾನೂ ಅಲ್ಲಿಗೆ ಬರುತ್ತದೆ. ಈ ಕಲ್ಪನೆಯ ತಾತ್ಪರ್ಯ ಸ್ಪಷ್ಟ: ಕಥೆಯು ಬಚ್ಚಿಡತಕ್ಕ ಒಡವೆಯಲ್ಲ, ತೀರಿಸತಕ್ಕ ಋಣ. ಕೇಳಿದವನು ಮತ್ತೊಬ್ಬನಿಗೆ ಹೇಳಲೇಬೇಕು.

ಆದರೆ ಕೇಳುಗನು ಬರಿಯ ಪಾತ್ರೆಯಲ್ಲ. ಕೊಟ್ಟೂರು ಸೀಮೆಯ ಉಜ್ಜಿನಿಯಲ್ಲಿ ವಿಕ್ರಮ-ಬೇತಾಳರ ಕಥೆ ಕೇಳುವ ಮಗುವೊಂದನ್ನು ಭಾವಿಸೋಣ. ಕಥೆಯ ಉಜ್ಜಯಿನಿ ಮಾಳವದ ಕ್ಷಿಪ್ರಾ ತೀರದ ನಗರ. ಮಗುವಿಗಾದರೋ ಅದು ಮರುಳಸಿದ್ಧೇಶ್ವರನ ಗುಡಿಯಿರುವ ತನ್ನ ಊರೇ. ರಾಜನು ಹೆಣ ಹೊತ್ತು ನಡೆಯುವ ಸುಡುಗಾಡು ತನ್ನೂರ ಹೊರಗಿನದೇ. ಭೂಗೋಳದಲ್ಲಿ ಇದು ತಪ್ಪು. ಕಥೆಗೆ ಇದೇ ಪ್ರಾಣ. ತರ್ಸೇಮ್ ಸಿಂಗರ 2006ರ 'ದಿ ಫಾಲ್' ಎಂಬ ಇಂಗ್ಲಿಷ್ ಚಿತ್ರವು ಇದೇ ತತ್ತ್ವವನ್ನು ಸೊಗಸಾಗಿ ತೋರಿಸುತ್ತದೆ. ಅದರಲ್ಲಿ ಲಾಸ್ ಏಂಜಲೀಸಿನ ಆಸ್ಪತ್ರೆಯಲ್ಲಿ ಗಾಯಾಳು ಸಾಹಸನಟನೊಬ್ಬನು ಕೈಮುರಿದ ಬಾಲಕಿಗೆ ಕಥೆ ಹೇಳುತ್ತಾನೆ. ಆತನು 'ಇಂಡಿಯನ್' ಎಂದಾಗ ಅಮೆರಿಕದ ಮೂಲನಿವಾಸಿಯನ್ನು ಉದ್ದೇಶಿಸಿರುತ್ತಾನೆ. ಕಿತ್ತಳೆಯ ತೋಟದಲ್ಲಿ ಭಾರತೀಯನೊಬ್ಬನನ್ನು ಕಂಡಿದ್ದ ಬಾಲಕಿಗೆ ಕಾಣುವವನು ಭಾರತದವನು. ತೆರೆಯ ಮೇಲೆ ಮೂಡುವುದು ಹೇಳುವವನ ಅರ್ಥವಲ್ಲ, ಕೇಳುವವಳ ಚಿತ್ರ. ಕಡೆಗೆ ನಿರಾಶನಾದ ಆತನು ಪಾತ್ರಗಳನ್ನು ಒಂದೊಂದಾಗಿ ಕೊಲ್ಲುತ್ತ ಬಂದಾಗ ಕಥೆಯ ಗತಿಯನ್ನು ತಿರುಗಿಸುವುದು ಆ ಬಾಲಕಿಯ ಅಳುವೇ.

ಈ ಬೆಳಕಿನಲ್ಲಿ ರಾಣಿಯ ಸ್ಥಿತಿ ಎಷ್ಟು ದಾರುಣವೆಂಬುದು ತಿಳಿಯುತ್ತದೆ. ಗಂಡನಾದ ಅಪ್ಪಣ್ಣನು ಆಕೆಯನ್ನು ಮನೆಯಲ್ಲಿ ಕೂಡಿಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಆಕೆಗೆ ಮಾತಿದೆ, ಕನಸಿದೆ, ಕೇಳುವ ಕಿವಿಯಿಲ್ಲ. ಚಿತ್ರದಲ್ಲಿ ಆಕೆ ಕಂಬದ ಮೇಲಿನ ಗೊಂಬೆಯನ್ನು ಮಾತನಾಡಿಸುವ ಹಾಡು ಈ ಕಾರಣದಿಂದಲೇ ಇಡೀ ಕೃತಿಯ ಮರ್ಮಸ್ಥಾನವೆಂದು ನಮ್ಮ ಅಭಿಪ್ರಾಯ. ಕೇಳುಗನಿಲ್ಲದವಳು ಮರದ ಗೊಂಬೆಯನ್ನೇ ಕೇಳುಗಳನ್ನಾಗಿ ಮಾಡಿಕೊಳ್ಳುತ್ತಾಳೆ. ಗಂಡನಿಗೆಂದು ಮಾಡಿದ ಬೇರಿನ ಮದ್ದು ಹುತ್ತಕ್ಕೆ ಬಿದ್ದು ನಾಗನು ಅಪ್ಪಣ್ಣನ ರೂಪದಲ್ಲಿ ರಾತ್ರಿ ಬರುವುದು ಆಮೇಲಿನ ಮಾತು. ನಾಗನು ಆಕೆಗೆ ಪ್ರಿಯನಾಗುವುದು ರೂಪದಿಂದಲ್ಲ. ರೂಪವು ಹಗಲಿನ ಗಂಡನದೇ. ಆತನು ಆಕೆಯ ಮಾತನ್ನು ಕೇಳುತ್ತಾನೆ. ಪ್ರಕಾಶ್ ರೈ ಅವರು ಎರಡು ಪಾತ್ರಗಳನ್ನೂ ಒಂದೇ ಮುಖದಲ್ಲಿ ಅಭಿನಯಿಸಿರುವುದರಿಂದ ಈ ಭೇದವು ಪ್ರೇಕ್ಷಕನಿಗೆ ಚೆನ್ನಾಗಿ ಮನದಟ್ಟಾಗುತ್ತದೆ.

ಚಿತ್ರದ ಕೊರತೆಯನ್ನೂ ಹೇಳಬೇಕು. ರಂಗದ ಮೇಲೆ ನಾಗನು ಪ್ರೇಕ್ಷಕನ ಕಲ್ಪನೆಯಲ್ಲಿ ಹರಿದುಬರುತ್ತಾನೆ; ತೆರೆಯ ಮೇಲೆ ಹಾವು ಕಣ್ಣಿಗೆ ಕಾಣುತ್ತದೆ. ಕಂಡದ್ದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಬಂದವನು ನಾಗನೋ, ಒಂಟಿ ಹೆಣ್ಣಿನ ಮನಸ್ಸು ಹೆಣೆದ ಗಂಡನೋ ಎಂಬ ಅನುಮಾನ ಉಳಿದಿದ್ದರೆ ಕಥೆಯ ಆಳ ಹೆಚ್ಚುತ್ತಿತ್ತು. ಅಲ್ಲದೆ ಹಸಿರು, ದೀಪ, ಬಣ್ಣಗಳ ಚೆಲುವು ಕೆಲವೆಡೆ ಸೆರೆಮನೆಯನ್ನೂ ರಮ್ಯವಾಗಿಸಿಬಿಡುತ್ತದೆ.

ಇತಿಹಾಸಕಾರನು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಹಾವಿನ ದಿವ್ಯದ ಪ್ರಸಂಗದಲ್ಲಿ. ಗರ್ಭಿಣಿಯಾದ ರಾಣಿಯು ಪಂಚರ ಮುಂದೆ ಹುತ್ತಕ್ಕೆ ಕೈಯಿಟ್ಟು, ಗಂಡನನ್ನೂ ಈ ಹಾವನ್ನೂ ಬಿಟ್ಟು ಯಾರನ್ನೂ ಮುಟ್ಟಿಲ್ಲವೆಂದು ಪ್ರಮಾಣ ಮಾಡುತ್ತಾಳೆ. ಪ್ರಮಾಣವು ಅಕ್ಷರಶಃ ಸತ್ಯ. ಹಾವು ಹೆಡೆಯೆತ್ತುತ್ತದೆ, ಆಕೆ ದೇವಿಯಾಗುತ್ತಾಳೆ. ಅಪ್ಪಣ್ಣನು ಎಲ್ಲಿಗೆ ಹೋಗುತ್ತಿದ್ದನೆಂದು ಯಾರೂ ಕೇಳುವುದಿಲ್ಲ, ಆತನಿಗೆ ದಿವ್ಯವಿಲ್ಲ. ಊರು ರಾಣಿಯ ಮಾತನ್ನು ಕೇಳಲಿಲ್ಲ, ಪವಾಡವನ್ನು ನೋಡಿತು. ಇಂತಹ ಪವಾಡಗಳು ಸ್ಥಳಪುರಾಣಗಳಲ್ಲಿ ಸೇರಿ ನಮ್ಮ ಕೈಗೆ ಆಧಾರಗಳಾಗಿ ಬರುತ್ತವೆ. ಪವಾಡ ನಡೆಯಿತೇ ಎಂದು ವಾದಿಸುವುದಕ್ಕಿಂತ, ಆ ಪವಾಡವು ಯಾವ ಪ್ರಶ್ನೆಯ ಬಾಯಿ ಮುಚ್ಚಿಸಿತು ಎಂದು ವಿಚಾರಿಸುವುದು ಹೆಚ್ಚು ಫಲಕಾರಿ.

ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಈ ಸೀಮೆಯಲ್ಲಿ ರೂಢಿಯಲ್ಲಿದೆ. ಉಜ್ಜಿನಿಯ ಗುಡಿಯ ಒಳಗಿನ ಕೆತ್ತನೆಯ ಹೆಚ್ಚಳವೇ ಅದಕ್ಕೆ ಕಾರಣ. 'ನಾಗಮಂಡಲ'ವನ್ನು ಬಹುಮಂದಿ ಹಂಪೆಯಂತೆ ಹೊರಗಿನಿಂದ ನೋಡಿ ತೃಪ್ತರಾಗಿದ್ದಾರೆ. ಒಳಗೆ ನೋಡಿದವರಿಗೆ ಅಲ್ಲಿ ಕಾಣುವುದು ಕೇಳುವವರಿಗಾಗಿ ಕಾದು ಕುಳಿತ ಹೆಣ್ಣೊಬ್ಬಳು. ಮಕ್ಕಳಿಗೆ ಉಣಿಸುತ್ತ, ಮಲಗಿಸುತ್ತ ಹೆಂಗಸರು ಹೇಳುವ ಇಂತಹ ಕಥೆಗಳು ಶಾಸನಗಳಲ್ಲಿ ದೊರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯ ಹೆಂಗಸರಲ್ಲಿ ಕುಳಿತು, ಹೇಳಿದವರ ಹೆಸರು, ಊರು, ಕೇಳಿದ ಸಂದರ್ಭಗಳ ಸಮೇತ ಅವನ್ನು ಬರೆದಿಟ್ಟುಕೊಂಡರೆ, ಕಥೆಯ ಋಣದಲ್ಲಿ ಸ್ವಲ್ಪವಾದರೂ ಸಂದಾಯವಾದೀತು.